ಗೋಡೆ ದಾಟಿದ ವೈರು

ಬಂದ್ಯಾ? ಬಾ, ಬಾ... ಹಿತ್ಲ ಬಾಗಲ ಮೆಲ್ಲಕ ಮುಂದ ಮಾಡು. ಸಪ್ಪಳ ಮಾಡಬ್ಯಾಡ ಅಂದೆ! ನಮ್ಮ ಮನಿಯವರು ಮಹಡಿ ಮ್ಯಾಲೇ ಕುಂತಾರ. ನೀ ನನ್ನ ಮೈದುನನ ಮನಿಗೆ ಹೋಗಿ ಬಂದಿ ಅಂತ ಗೊತ್ತಾದ್ರ, ನಮ್ಮಿಬ್ಬರ್ನೂ ಹೊರಗ ಒಗೀತಾರ.

ಕುಂದ್ರು ಕಿರಣ, ನೀರು ಕುಡಿ. ಏನಂದ್ಲು ನನ್ನ ನೆಗೆಣ್ಣಿ? ಅಲ್ಲಲ್ಲ... ಮೊದಲು ಇಂಟರ್ನೆಟ್ ವೈರಿಂದು ಹೇಳು. ವೈರಿನ ರಿಪೇರಿಗೇ ತಾನೇ ನಿನ್ನ ಕರಸಿದ್ದು!

ಡಬ್ಬಿ ಸಿಕ್ತಾ? ಅವರ ಮನಿ ಮೆಟ್ಟಿಲ ಕೆಳಗ, ಹೌದಲ್ಲ? ನಾ ಹೇಳಿದ್ದಿಲ್ಲಾ! ಮನಿ ಒಂದಾಗಿದ್ದಾಗ ಎಲ್ಲಾ ರೂಮಿನ ವೈರೂ ಆ ಡಬ್ಬಿಗೇ ಕೂಡಿಸಿದ್ರು. ಆಮ್ಯಾಲ ಅಣ್ಣ ತಮ್ಮ ಮಿಲ್ಲಿನ ಪಾಲಿಗೆ ಜಗಳಾಡಿ ನಡುಮನ್ಯಾಗ ಗೋಡೆ ಎಬ್ಬಿಸಿದ್ರು. ಬಾಗಲ ಪಾಲಾತು, ಬೀಸೋಕಲ್ಲು ಪಾಲಾತು, ನುಗ್ಗಿ ಗಿಡದ ಟೊಂಗಿ ಸೈತ ಪಾಲಾತು... ವೈರು ಮಾತ್ರ ಒಬ್ಬ ಗಂಡಸಿಗೂ ನೆಪ್ಪಾಗಲಿಲ್ಲ! ಈ ಹಾಲ್ ಗೋಡ್ಯಾಗಿನ ಪೋರ್ಟಿಂದ ಹೊಂಟಿದ್ದು ಗೋಡೆ ದಾಟಿ, ಅವರ ಡಬ್ಬಿಗೆ ಹೋಗಿ, ತಿರುಗಿ ನಮ್ಮ ಮಹಡಿಗೆ ಬರ್ತೈತಿ. ಇದು ನನಗ ಗೊತ್ತು, ಮೈದುನನ ಹೆಂಡ್ತಿ, ನನ್ನ ನೆಗೆಣ್ಣಿ ಗಂಗಾಂಬಿಕಾಗ ಗೊತ್ತು. ಈಗ ನಿನಗ.

ಯಾಕ ನಗ್ತಿ? ನಗಬ್ಯಾಡ.

...ಆತ್ರೀ! ಇನ್ನೇನ್ ಬಂತು! ಹುಡುಗ ಕೆಳಗ ಹಾಲ್‌ನ್ಯಾಗ ನೋಡಾಕ ಹತ್ಯಾನ್ರಿ!

ಕೇಳಿದ್ಯಾ? ಕಂಪ್ಲಿ ಮಿಲ್ಲಿನ ಕ್ಯಾಮೆರಾ ಕಾಣವಲ್ದು ಅಂತ ಮುಂಜಾನಿಂದ ಮ್ಯಾಲಿಂದ ಇವರದು ಇದೇ ಒದರಾಟ. ವೈಫೈ ಅಂತೂ ಈ ಕಲ್ಲಿನ ಗೋಡೆ ದಾಟಿ ಮ್ಯಾಲ ಹತ್ತಂಗಿಲ್ಲ. ಇಡೀ ಹೊಸಪ್ಯಾಟ್ಯಾಗ ಇಂಥ ದಪ್ಪ ಗೋಡೆ ಇಲ್ಲ ಅಂತ ಹೆಮ್ಮಿ ಬ್ಯಾರೆ!

ಸರಿ, ಬಾಗಲ ತಗದಾಕಿ ಯಾರು? ಗಂಗಾನಾ? ಎದ್ದು ಬಂದ್ಲಾ? ...ಹೋಗ್ಲಿ, ಸುಮ್ನ ಕೇಳಿದೆ. ಯಾಕ ಹಂಗ ನೋಡ್ತಿ? ನನಗೇನಾಗಬೇಕೈತಿ! ಆ ಹೊಸ್ತಿಲಾ ತುಳಿಯಂಗಿಲ್ಲ, ಅಕಿ ಕೂಡ ಮಾತಾಡಂಗಿಲ್ಲ, ಫೋನ್ ಮಾಡಂಗಿಲ್ಲ ಅಂತ ಇವರು ತಮ್ಮ ತಲಿ ಮ್ಯಾಲ ನನ್ನ ಕೈ ಇಡಿಸಿ ಆಣಿ ಮಾಡಿಸ್ಯಾರ. ತಪ್ಪಿದ್ರ ಇವರ ತಲಿಗೇ ಕುತ್ತು. ಮೈದುನನೂ ಹಂಗ ಅಕಿ ಕಡಿಂದ ಮಾಡಿಸ್ಯಾನ. ಆಣಿ ಅಂದ್ರ ಆಣಿ. ನಾ ಮುರದಿಲ್ಲ. ಅಕಿನೂ ಮುರದಿಲ್ಲ.

ಅಡಿಗಿಮನಿ ಗೋಡೆ ಮಾತ್ರ... ಮುಂಜಾನಿ ಚಾ ಇಡೋ ಹೊತ್ತಿಗೆ ಅಕಿ ಸೌಟಿಲೆ ಗೋಡಿಗೆ ಬಡೀತಿದ್ಲು. ನಾನೂ ತಿರುಗಿ ಬಡೀತಿದ್ದೆ. ಅದೇನ್ ಮಾತಾಡಿದಂಗ ಅಲ್ಲಲ್ಲ? ಹೇಳು, ಅಲ್ಲಲ್ಲ? ಹೋದ ವಾರದಿಂದ ಅದೂ ಇಲ್ಲ. ನನಗ ಬಡದು ಬಡದು ಸಾಕಾತು. ಆ ಕಡೆ ಕುಕ್ಕರ್ ಸೀಟಿ ಸೈತ ಕೇಳವಲ್ದು. ಇದನ್ನ ಯಾರ ಮುಂದ ಹೇಳ್ಲಿ? ಇವರ ಮುಂದ?

ಹೇಳೋ! ಹೆಂಗದಾಳ?

...ಏನು? ಬಿದ್ಲಾ? ಕಾಲಿಗೆ ಪ್ಲಾಸ್ಟರ್ ಹಾಕ್ಯಾರಾ? ಅಯ್ಯೋ ಶಿವನೇ! ಮೆಟ್ಟಿಲ ಹತ್ರ ಮಂಚ ಹಾಕಿ ಮಲಗಿಸ್ಯಾರಾ... ಅದಕ್ಕೇ. ಅಡಿಗಿಮನಿತನಕ ನಡಿಯಾಕ ಆಗಿರಂಗಿಲ್ಲ. ದಿನಾ ಒಬ್ಬಾಕಿನೇ ಇರ್ತಾಳಂತಾ? ಬಾಗಲಾ ನೀನೇ ನೂಕಿ ಒಳಗ ಹೋದ್ಯಾ? ನನ್ನ ಹೆಸರು ತಗದ್ಲಾ? ಏನೂ ಅನ್ನಲಿಲ್ಲ?

ಹೂಂ... ಇರ್ಲಿ. ಜೀವಕ್ಕ ಏನಾಗಿಲ್ಲಲ್ಲ. ಸಾಕು.

ಈಗ ವೈರು ಜೋಡಿಸು, ಜಲ್ದಿ. ಅದೇನದು ಕೈಯಾಗ? ವೈರಿನ ತುಂಡಾ? ಹಾಂ... ಇಲಿ ಕಡದಿರ್ತೈತಿ. ನಮ್ಮ ಮನ್ಯಾಗ ಇಲಿ ಭಾಳ. ಹೆಗ್ಗಣ ಅಂದ್ರ ಹೆಗ್ಗಣ! ...ಏನಂದಿ? ಇಲಿ ಕಡದ್ರ ಇಷ್ಟು ನೀಟಾಗಿ ಇರಂಗಿಲ್ಲ ಅಂತಿಯಾ? ನೀ ಏನ್ ಇಲಿ ಡಾಕ್ಟರಾ?

ಹಂಗ ನನ್ನ ಮಾರಿ ನೋಡಬ್ಯಾಡ...

ಹೌದಪಾ! ನಾನೇ! ಅಡಿಗಿಮನಿ ಕತ್ತರಿಲೆ ನಾನೇ ಕತ್ತರಿಸಿದೆ, ಆತಾ? ನಿನ್ನೆ ಇವರು ಕಂಪ್ಲಿಗೆ ಹೋಗಿದ್ರು, ಮಹಡಿ ಹತ್ತಿ ನೆಟ್ ಐತೋ ಇಲ್ಲೋ ಅಂತ ಯಾರೂ ನೋಡಿದ್ದಿಲ್ಲ. ಈ ಪೋರ್ಟಿನ ಮುಚ್ಚಳ ಬಿಚ್ಚಿ, ಕತ್ತರಿಸಿ, ಮತ್ತ ಸ್ಕ್ರೂ ಹಾಕಿದೆ. ನಾ ಹೋಗಂಗಿಲ್ಲ... ವೈರು ಕೆಟ್ರ ವೈರಿನಾಂವ ಹೋಗಲೇಬೇಕಲ್ಲ! ಅಕಿನ್ನ ಕಣ್ಣಿಲೆ ನೋಡಿ ಬಂದು ಹೇಳಬೇಕಲ್ಲ! ಇನ್ನೇನ್ ಮಾಡಬೇಕಿತ್ತು ನಾನು?

...ತಡಿ. ನೀ ಈ ಪೋರ್ಟು ಇನ್ನಾ ಬಿಚ್ಚೇ ಇಲ್ಲ. ಸ್ಕ್ರೂ ಹಂಗ ಅದಾವ. ಮತ್ತ ಈ ತುಂಡು... ಎಲ್ಲಿದಿದು? ಡಬ್ಬಿದಾ? ಆ ಕಡೆದಾ?

ನಾ ಅಲ್ಲಿ ಹೆಂಗ ಕತ್ತರಿಸ್ಲಿ?

ಮಂಚದ ಮ್ಯಾಲ ಮಲಗಿದಾಕಿಗೆ ಆ ಡಬ್ಬಿ ಕೈಗೆ ಎಟಗ್ತೈತಾ? ಮಾತಾಡೋ ಕಿರಣ. ಎಟಗ್ತೈತಾ?

...ಗಂಗಾ! ಅಕಿನೂ ಕತ್ತರಿಸ್ಯಾಳ. ಅಲ್ಲಿ ಒಬ್ಬಾಕಿನೇ ಬಿದ್ಕೊಂಡು, ನಮ್ಮ ಕಡೆ ವೈರು ಕೆಟ್ರ ಯಾರರ ಬಂದಾರು ಅಂತ... ನಾನು ಬಂದೇನು ಅಂತ. ನಾ ನಿನ್ನ ಕಳಿಸಿ ಇಲ್ಲಿ ಕುಂತೀನಿ!

...ಕೇಳಿಸ್ತ್ರೀ! ಕ್ಯಾಮೆರಾ ಆಮ್ಯಾಲ ನೋಡೋಣಂತ!

ಸರಿ ಅತ್ತಾಗ, ಹಾದಿ ಬಿಡು. ಇವರು ಇಳದು ಬಂದು ಕೇಳಿದ್ರ, ಹಿತ್ತಲಕ್ಕ ಹೋಗ್ಯಾಳ ಅನ್ನು... ಬ್ಯಾಡ. ಹಂಗನಬ್ಯಾಡ. ನಿಮ್ಮ ಹೆಂಡ್ತಿ ಹಂಪಮ್ಮ ತನ್ನ ನೆಗೆಣ್ಣಿ ಮನಿಗೆ ಹೋಗ್ಯಾಳ ಅನ್ನು. ಮುಂಬಾಗಿಲಿಂದನೇ ಹೋದ್ಲು ಅನ್ನು.