ಕ್ಯಾಮೆರಾದ ದೃಷ್ಟಿ

ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ನನ್ನ ಎದುರಿನ ಬೆಂಚಿನ ಮೇಲೆ ಹಿರಿಯ ಹೆಂಗಸೊಬ್ಬರು ಕಾಯುತ್ತಿದ್ದರು. ಅವರ ಸೊಸೆ ಕೂಸನ್ನೆತ್ತಿಕೊಂಡು ಡಾಕ್ಟರ ಕೋಣೆಯಿಂದ ಓಡಿಬಂದಳು.

“ಏನಂದ್ರು, ಸಪ್ನಾ?”

“ಏನೂ ರೋಗ ಇಲ್ಲಂತ್ರಿ, ಅತ್ತಿ! ಫೋಟೋ ತಗದು ಕಂಪ್ಯೂಟರ್‌ನ್ಯಾಗ ಮಾರಿ ಅಳತಿ ಮಾಡಿ ನೋಡ್ಯಾರ.”

“ಮತ್ತ ಕಣ್ಣು ಯಾಕ ಇಷ್ಟು ದೂರ ದೂರ ಅದಾವ?”

“ಆಗ ನಿಮ್ಮ ಫೋಟೋನೂ ತಗದು ಮಾರಿ ಅಳತಿ ಮಾಡಿದ್ರಲ್ರಿ? ಥೇಟ್ ನಿಮ್ಮ ಕಣ್ಣಂತ!”

ಅತ್ತೆ ಬಾಯ್ತುಂಬ ನಕ್ಕು, ಚೀಲದಿಂದ ಕಾಡಿಗೆ ಡಬ್ಬಿ ತೆಗೆದರು.

“ಫೋಟೋ ತಗೀಬೇಕಂತ ಬೊಟ್ಟು ಒರಸಿಬಿಟ್ರು. ಆ ಕ್ಯಾಮೆರಾ ಕೂಸಿನ್ನ ಎಷ್ಟೊತ್ತು ನೋಡ್ತು! ದೃಷ್ಟಿ ಆಗೂದಿಲ್ಲೇನು?”

ಕೂಸಿನ ಗಲ್ಲಕ್ಕೆ ಬೊಟ್ಟಿಟ್ಟರು. ಸೊಸೆಯೂ ಡಬ್ಬಿಗೆ ಬೆರಳದ್ದಿದಳು.

“ನೀವೂ ಈಕಡೆ ಬರ್ರಿ, ಅತ್ತಿ.”

“ನನಗ್ಯಾಕ?”

“ನಿಮ್ಮನ್ನೂ ನೋಡ್ಯದಲ್ರಿ ಅದು!”

ಸೊಸೆ ತಮ್ಮ ಗಲ್ಲಕ್ಕಿಟ್ಟ ಕಪ್ಪು ಬೊಟ್ಟನ್ನು ಒರೆಸಿಕೊಳ್ಳದೆಯೇ ಅತ್ತೆ ಕೂಸನ್ನೆತ್ತಿಕೊಂಡು ರಿಕ್ಷಾ ಹಿಡಿಯಲು ಹೊರಟರು.