ನಾನು ಹಾಡಗೊಡದ ಮೂರನೇ ಚರಣ

ಕತ್‌ಬರ್ಟ್‌ನ ಮನೆಯಾಕೆ ಎನಿಡ್, ಅವನ ಮಗಳು ಜೋಸೆಟ್, ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯ ಹಾಡುಗಾರರೇ, ವಾದ್ಯದವರೇ, ನಮ್ಮ ಗೋಮೆಜ್ ಓಣಿಯಿಂದ ಬಂದಿರೋ ಜನರೇ — ಎಲ್ಲರಿಗೂ ನಮಸ್ಕಾರ. ನಮ್ಮ ಕತ್‌ಬರ್ಟ್‌ನನ್ನ ಕೊನೇ ಸಲ ಕಳಿಸಿಕೊಡೋಕೆ ಸೇರಿದ್ದೇವೆ.

ಕತ್‌ಬರ್ಟ್ ಲೆಝಾಮ ಅಂದ್ರೆ ನಮ್ಮ ಸ್ಯಾನ್ ಫೆರ್ನಾಂಡೊದಲ್ಲೇ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಲಾರ್ಡ್ ಟ್ಯಾಮರಿಂಡ್ ಅಂದ್ರೆ ಇಡೀ ಟ್ರಿನಿಡಾಡ್‌ಗೆ ಗೊತ್ತು. ಹುಣಸೇ ದೊರೆ. ಊರವರನ್ನ ಕುಟುಕೋ ಕ್ಯಾಲಿಪ್ಸೊ ಹಾಡೋಕೆ ಅವನೇ ಇಟ್ಕೊಂಡ ಹೆಸರು. "ನಾನು ಹಾಡಿದ್ರೆ ಒಬ್ಬನಿಗೆ ಹಲ್ಲು ಜುಮ್ಮನ್ನಬೇಕು, ಪಕ್ಕದವನಿಗೆ ಬಾಯಲ್ಲಿ ನೀರೂರಬೇಕು" ಅಂತಿದ್ದ.

ನಾನು ಹೋರೇಸ್ ಪಾಂಟಿನ್. ಹದಿನಾಲ್ಕು ವರ್ಷ ಅವನ ಹಿಂದೆ ನಿಂತು ಟ್ರಂಪೆಟ್ ಊದಿದವನು, ಆ ಮೇಳಕ್ಕೆ ಯಜಮಾನ. ಹೆಸರು ಹಿಡಿದು ಹಾಡೋದು ಅವನ ಪದ್ಧತಿ, ಮಂತ್ರಿಯಾಗ್ಲಿ, ಮೀನು ಮಾರೋನಾಗ್ಲಿ. ನನ್ನ ಬೋಳುತಲೆ ಮೇಲೆ ಒಂದು ಚರಣ ಕಟ್ಟಿದ. ಜನ ನಕ್ಕರು ಅಂತ ನಾನು ಟೋಪಿ ಹಾಕ್ಕೊಂಡು ಬಂದೆ — ಮಾರನೇ ದಿನ ಟೋಪಿ ಮೇಲೆ ಇನ್ನೊಂದು!

ಇಂಥವೇ ಹೇಳಿ ನಿಮ್ಮನ್ನ ನಗಿಸಿ ಕೂತುಬಿಡಬಹುದಿತ್ತು. ಆದ್ರೆ ಮೊನ್ನೆ ಎನಿಡ್ ನನ್ನ ಕೈಗೆ ಒಂದು ಕಾಗದ ಕೊಟ್ಟಳು. ಅದನ್ನ ಓದಿದ ಮೇಲೆ ನನಗೆ ಬೇರೇನೂ ಹೇಳೋಕಾಗ್ತಿಲ್ಲ.

ವರ್ಲಿನ್ — ನಲವತ್ತು ವರ್ಷದಿಂದ ನಮ್ಮ ಓಣಿಯಲ್ಲಿ ಈ ಹೆಸರನ್ನ ಯಾರೂ ಎತ್ತಿಲ್ಲ. ಬಟ್ಟೆ ಹೊಲೀತಿದ್ದಳು. ನಮ್ಮ ಮೇಳದ ಅಂಗಿಗಳೆಲ್ಲ ಅವಳ ಕೈಯಲ್ಲೇ ಹೊಲಿಸಿದ್ದು. ಕತ್‌ಬರ್ಟ್‌ನ ಗೋಡೆಗೆ ಅವಳ ಗೋಡೆ. ಗಂಡ ಹೊಡೀತಿದ್ದ. ಎಲ್ಲರಿಗೂ ಗೊತ್ತಿತ್ತು — ಎಲ್ಲರಿಗೂ. ಹಲಗೆ ಗೋಡೆಗಳು, ಉಸಿರು ಬಿಟ್ರೂ ಕೇಳುತ್ತೆ. ಅಲ್ಲಿ ಶುರುವಾಯ್ತು ಅಂದ್ರೆ ಒಂದೊಂದು ಮನೇಲೂ ರೇಡಿಯೋ ಜೋರಾಗ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ. ಎಲ್ಲರ ಒಲೆ ಮೇಲೂ ಕಲಲೂ ಸೊಪ್ಪಿನ ಸಾರು ಕುದೀತಿದೆ. ಆ ಮನೇಲಿ ಶುರುವಾಯ್ತು. ಆ ಹೊತ್ತಿಗೆ ರೇಡಿಯೋದಲ್ಲಿ ಬರ್ತಿದ್ದದ್ದು ಕತ್‌ಬರ್ಟ್‌ನದ್ದೇ ಹಾಡು. ಅತ್ತೆ ಮನೆಯ ಏಡಿ ಸಾರಿನ ಹಾಡು, ಆ ವರ್ಷ ಮಕ್ಕಳ ಬಾಯಲ್ಲೂ ಅದೇ. ಓಣಿ ತುಂಬ ಅದೇ ಹಾಡು. ಅವನೂ ಜೋರು ಮಾಡಿದ. ನಾನೂ ಮಾಡಿದೆ. ಹಾಡು ಮುಗಿಯೋ ಹೊತ್ತಿಗೆ ಆ ಮನೇಲಿ ಸದ್ದು ನಿಂತಿತ್ತು.

ಗಂಡ ಜೈಲಿಗೆ ಹೋದ. ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ಅವಳನ್ನ ಮಣ್ಣು ಮಾಡಿ ಬಂದ ಕತ್‌ಬರ್ಟ್ ತಿಂಗಳುಗಟ್ಟಲೆ ಒಂದು ಹಾಡೂ ಕಟ್ಟಲಿಲ್ಲ. ಆಮೇಲೆ ಕಾರ್ನಿವಲ್ ಹಬ್ಬದ ಸ್ಪರ್ಧೆಗೆ ಒಂದು ಹಾಡು ತಂದ. ಮೊದಲ ಚರಣದಲ್ಲಿ ವರ್ಲಿನ್ ಹೊಲಿದ ಅಂಗಿಗಳು. ಎರಡನೇದರಲ್ಲಿ ನಮ್ಮ ರೇಡಿಯೋಗಳು. ಅಭ್ಯಾಸದಲ್ಲಿ ಹಾಡಿದ್ದು ಅಷ್ಟೇ. ಮೂರನೇದು ಎಲ್ಲಿ ಅಂತ ಕೇಳಿದೆ. "ಅದು ವೇದಿಕೆ ಮೇಲೆ" ಅಂದ, ನನ್ನ ಮುಖ ನೋಡದೆ.

ಆವತ್ತು ಮೈದಾನಕ್ಕೆ ಬಂದ ಜನ ಕುಣಿಯೋಕೆ ಬಂದಿದ್ರು. ಎರಡನೇ ಚರಣ ಬರೋ ಹೊತ್ತಿಗೆ ಟಾಯ್ಲೆಟ್ ಪೇಪರ್ ಬೀಸೋಕೆ ಶುರುಮಾಡಿದ್ರು. ಇಳಿ ಕೆಳಗೆ ಅನ್ನೋಕೆ ನಮ್ಮವರ ಭಾಷೆ ಅದು. ಕತ್‌ಬರ್ಟ್ ಅದಕ್ಕೆಲ್ಲ ಹೆದರೋನಲ್ಲ. ಕಣ್ಣು ಮುಚ್ಚಿ ಹಾಡ್ತಿದ್ದ. ಎರಡನೇದು ಮುಗೀತು, ಮೂರನೇದಕ್ಕೆ ಉಸಿರು ತಗೊಂಡ — ನಾನು ಕೈ ಎತ್ತಿದೆ. ಹೀಗೆ. ಮೇಳ ನಿಂತುಹೋಯ್ತು.

ತಿರುಗಿ ನನ್ನನ್ನ ನೋಡಿದ. ಮೈಕು ಅದರ ಜಾಗದಲ್ಲಿಟ್ಟ. ಇಳಿದು ಹೋದ. ಮತ್ತೆ ವೇದಿಕೆ ಹತ್ತಲಿಲ್ಲ.

ಅವನ ಮಾನ ಉಳಿಸೋಕೆ ನಿಲ್ಲಿಸಿದೆ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದೆ. ನಿಮ್ಮಲ್ಲೇ ಎಷ್ಟೋ ಜನ ನನ್ನ ಬೆನ್ನು ತಟ್ಟಿದ್ದೀರಿ. ಅದು ಸುಳ್ಳು. ಎನಿಡ್, ಅದು ಸುಳ್ಳು.

ಆ ಓಣಿಯಲ್ಲಿ ಆಗ ಫೋನ್ ಇದ್ದದ್ದು ಒಂದೇ ಮನೇಲಿ — ನನ್ನ ಮನೇಲಿ. ಪೊಲೀಸರಿಗೆ ಒಂದು ಮಾತು ಹೇಳೋಕೆ ನಾನು ಎರಡು ಹೆಜ್ಜೆ ನಡೆದಿದ್ರೆ ಸಾಕಿತ್ತು. ಮೂರನೇ ಚರಣದಲ್ಲಿ ಇರೋದು ಅದೇ, ಅವನು ಹೆಸರು ಹಿಡಿದು ಹಾಡ್ತಾನೆ, ಇಡೀ ಮೈದಾನ ತಿರುಗಿ ನನ್ನನ್ನ ನೋಡುತ್ತೆ — ಅಂತ ಹೆದರಿದೆ. ಅದಕ್ಕೇ ಕೈ ಎತ್ತಿದ್ದು.

ಆಮೇಲೆ ಅವನು ಮೀನು ಮಾರ್ಕೆಟ್‌ನಲ್ಲಿ ಐಸು ಒಡೀತಿದ್ದ. ಎದುರಿಗೆ ಸಿಕ್ರೆ "ಏನಪ್ಪಾ ಹೋರೇಸ್, ಊದೋ ತುಟಿ ಇನ್ನೂ ಗಟ್ಟಿ ಇದೆಯಾ?" ಅಂತ ಕೇಳೋನು. ಆ ದಿನದ ಮಾತನ್ನ ಒಂದು ಸಲವೂ ಎತ್ತಲಿಲ್ಲ. ಹೋದ ವರ್ಷ ಗಂಟಲಿಗೆ ಹುಣ್ಣಾಗಿ ಸ್ವರ ಹೋಯ್ತು. ಎಲ್ಲ ಹೇಳಿಬಿಡೋಣ ಅಂತಲೇ ಆಸ್ಪತ್ರೆಗೆ ಹೋದೆ. ಹೋಗಿ — ಕ್ರಿಕೆಟ್ ವಿಷಯ ಮಾತಾಡಿ ಎದ್ದು ಬಂದೆ. ಬರೋವಾಗ ಅವನು ನನ್ನ ಕೈ ಹಿಡ್ಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

ಎನಿಡ್ ಕೊಟ್ಟದ್ದು ಆ ಮೂರನೇ ಚರಣ. "ಹೋರೇಸ್‌ಗೆ ಅಂತ ಬರೆದಿಟ್ಟಿದ್ರು, ನಾನು ಓದಿಲ್ಲ" ಅಂದಳು. ಅಡಿಗೆಮನೇಲಿ ನಿಂತ್ಕೊಂಡೇ ಓದಿದೆ. ನಾಲ್ಕು ಸಾಲು. ಕತ್‌ಬರ್ಟ್ ಅನ್ನೋ ಒಬ್ಬ ಗೋಡೆಯಾಚೆ ಇದ್ದ, ಹೆಣ್ಣೊಬ್ಬಳು ಕೂಗುವಾಗ ತನ್ನ ಹಾಡನ್ನ ತಾನೇ ಕೇಳ್ತಾ ಕೂತಿದ್ದ, ಎಲ್ಲ ಮುಗಿದ ಮೇಲೆ ಬಾಗಿಲು ತೆರೆದ ಅಂತ. ಅಷ್ಟೇ. ಫೋನಿನ ಮಾತಿಲ್ಲ. ಹೋರೇಸ್ ಅನ್ನೋ ಹೆಸರಿಲ್ಲ.

ಅದರಲ್ಲಿ ಇಲ್ಲದ ಒಂದು ಹೆಸರಿಗಾಗಿ ನಾನು ಅಂಥವನ ಬಾಯಿ ಕಟ್ಟಿದೆ.

ಕ್ಷಮೆ ಕೇಳೋ ಮುಖ ನನಗಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕತ್‌ಬರ್ಟ್‌ಗಾಗಿ, ವರ್ಲಿನ್‌ಗಾಗಿ, ಎರಡು ನಿಮಿಷ ಮೌನ. ಅದಾದ ಮೇಲೆ ನಾನು ಟ್ರಂಪೆಟ್ ಊದಬೇಕು ಅಂತ ಪಟ್ಟಿಯಲ್ಲಿದೆ. ನಾನು ಊದೋದಿಲ್ಲ. ಜೋಸೆಟ್ ಆ ಮೂರನೇ ಚರಣ ಹಾಡ್ತಾಳೆ. ನಿನ್ನೆ ರಾಗ ಹೇಳಿಕೊಟ್ಟಿದ್ದೇನೆ. ಅವಳು ಹಾಡಿ ಮುಗಿಸೋವರೆಗೂ — ದಯವಿಟ್ಟು — ಯಾರೂ ಕೂರಬೇಡಿ.