ಬೆನ್ನ ಹಿಂದೆ ಕಟ್ಟಿದ ಕೈಗಳು

ಈ ಸಭೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಹಿರಿಯರೇ, ರೋಗಿಗಳ ಸರದಿಯನ್ನು ಕ್ಷಣಕಾಲ ಬದಿಗಿರಿಸಿ ಆಗಮಿಸಿರುವ ಮುಖ್ಯ ವೈದ್ಯರೇ, ತರಬೇತಿ ವಿಭಾಗದ ಅಧಿಕಾರಿಗಳೇ, ಇಂದು ಮೇಲ್ವಿಚಾರಕರ ಪದಕವನ್ನು ಧರಿಸಲಿರುವ ಶಿಕ್ಷಾರ್ಥಿಗಳೇ, ಅವರನ್ನು ಹೆತ್ತವರೇ, ಕೈಹಿಡಿದವರೇ, ಭಾಷಣವು ಎಷ್ಟು ಹೊತ್ತಿಗೆ ಮುಗಿದೀತೆಂದು ಬಾಗಿಲ ಬಳಿ ನಿಂತೇ ಅಂದಾಜು ಮಾಡುತ್ತಿರುವ ಲಾಂಡ್ರಿಯ ಸಹೋದ್ಯೋಗಿಗಳೇ, ಮತ್ತು ಸಹನೆಯೇ ಭೂಷಣವಾದ ಸಭಿಕರೇ,

ಸಕಲರ ಅಂತರ್ಯಾಮಿಯಾದ ಭಗವಂತನನ್ನು ಸ್ಮರಿಸಿ ನಾಲ್ಕು ಮಾತುಗಳನ್ನಾಡಲು ಅಪ್ಪಣೆ ಬೇಡುತ್ತೇನೆ. ನನಗೆ ಕೊಟ್ಟಿರುವ ವಿಷಯ ‘ನಾಯಕನ ಗುಣಗಳು’. ಆದರೆ ನನಗಿಂತ ಮುಂಚೆ ಮಾತನಾಡಿದ ಮಹನೀಯರು ಇದ್ದ ಗುಣಗಳನ್ನೆಲ್ಲ ಒಂದನ್ನೂ ಬಿಡದೆ ಎಣಿಸಿಬಿಟ್ಟಿದ್ದಾರೆ. ಬಡಿಸುವ ಪಾತ್ರೆ ಖಾಲಿಯಾದ ಮೇಲೆ ಪಂಕ್ತಿಗೆ ಕುಳಿತವನ ಸ್ಥಿತಿ ನನ್ನದು. ಆದುದರಿಂದ ಗುಣಗಳನ್ನು ಬಿಟ್ಟು, ನಾನು ಮೇಲ್ವಿಚಾರಕನಾದ ಬಗೆಯನ್ನಷ್ಟೇ ನಿವೇದಿಸಿಕೊಳ್ಳುತ್ತೇನೆ.

ಸಭೆಯಲ್ಲಿರುವ ಬಂಧುಗಳಲ್ಲಿ ಅನೇಕರು ನಮ್ಮ ಲಾಂಡ್ರಿಯ ಒಳಗನ್ನು ಕಂಡಿರಲಾರರು. ಆಸ್ಪತ್ರೆಯ ಹಾಸಿಗೆಬಟ್ಟೆ, ರೋಗಿಗಳ ಅಂಗಿ, ಶಸ್ತ್ರಚಿಕಿತ್ಸೆಯ ಹೊದಿಕೆ, ಇವೆಲ್ಲ ಒಂದು ತುದಿಯ ಕೋಣೆಗೆ ಕೊಳೆಯಾಗಿ ಬರುತ್ತವೆ. ಇನ್ನೊಂದು ತುದಿಯಿಂದ ಶುಚಿಯಾಗಿ ಹೋಗುತ್ತವೆ. ನಡುವೆ ಬಿಸಿನೀರು, ಹಬೆ, ಇಸ್ತ್ರಿಯ ದೊಡ್ಡ ರೋಲರ್, ಕಿವುಡಾಗಿಸುವ ಸದ್ದು. ಎಲ್ಲಕ್ಕೂ ಕಡೆಯಲ್ಲಿ ಮಡಚುವ ಮೇಜು. ಆ ಮೇಜೇ ನನ್ನ ವಿದ್ಯಾಪೀಠ.

ಶಸ್ತ್ರಚಿಕಿತ್ಸೆಯ ಬಟ್ಟೆಯನ್ನು ಮಡಚುವುದು ಮನೆಯಲ್ಲಿ ಪಂಚೆ ಮಡಚಿದಂತಲ್ಲ. ಕಟ್ಟಿನ ಒಂದು ಮೂಲೆಯನ್ನು ಹೊರಕ್ಕೆ ಮಗುಚಿ ಬಿಡಬೇಕು. ನಾವು ಅದನ್ನು ಕಿವಿ ಎನ್ನುತ್ತೇವೆ. ದಾದಿಯು ಆ ಕಿವಿಯನ್ನು ಮಾತ್ರ ಹಿಡಿದು ಬಿಡಿಸಿದರೆ, ಒಳಗಿನ ಬಟ್ಟೆಗೆ ಯಾರ ಕೈಯೂ ಸೋಕುವುದಿಲ್ಲ. ಕಿವಿ ಯಾವಾಗಲೂ ಒಂದೇ ಬದಿಗೆ ಬರಬೇಕು. ತಪ್ಪು ಬದಿಗೆ ಬಂದರೆ, ಅಥವಾ ಒಳಗೇ ಸಿಕ್ಕಿಕೊಂಡರೆ, ಆ ಕಟ್ಟಿಗೆ ಕೆಂಪು ಪಟ್ಟಿಯೊಂದನ್ನು ಕಟ್ಟಿ ಹಿಂದಿರುಗಿಸುತ್ತಾರೆ. ಕೆಂಪು ಪಟ್ಟಿ ಹೆಚ್ಚಾದವರಿಗೆ ಮೇಜಿನಲ್ಲಿ ಸ್ಥಾನವಿಲ್ಲ. ಕೊಳೆಬಟ್ಟೆಯ ಕೋಣೆಗೆ ಹೋಗಬೇಕು. ಅಲ್ಲಿಯ ಧೂಳು, ಅಲ್ಲಿಯ ಔಷಧದ ಘಾಟು ಒಳ್ಳೆಯ ಎದೆಯವರಿಗೇ ಕಷ್ಟ.

ಆ ಮೇಜಿನಲ್ಲಿ ನನ್ನ ಪಕ್ಕಕ್ಕೆ ನಿಲ್ಲುತ್ತಿದ್ದವಳು ನನ್ನ ಅಕ್ಕ. ನಮ್ಮ ತಾಯಿ ಬೇಗ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳೂ ಅವಳೇ, ಕೆಲಸಕ್ಕೆ ಸೇರಿಸಿದವಳೂ ಅವಳೇ. ಅಕ್ಕನಿಗೆ ಉಬ್ಬಸವಿತ್ತು. ಅಕ್ಕನ ಕಟ್ಟುಗಳಲ್ಲಿ ಕಿವಿ ನೆಟ್ಟಗಿರುತ್ತಿರಲಿಲ್ಲ. ನನ್ನ ಕೈ, ಆತ್ಮಪ್ರಶಂಸೆಯನ್ನು ಮನ್ನಿಸಬೇಕು, ಇಡೀ ಲಾಂಡ್ರಿಯಲ್ಲಿ ಚುರುಕಾದದ್ದು. ನನ್ನ ಪಾಲನ್ನು ಮುಗಿಸಿ, ಅವಳ ಪಾಲನ್ನು ಬಿಚ್ಚಿ ಮತ್ತೆ ಮಡಚಿಡುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಒಡಹುಟ್ಟಿದವರ ನಡುವೆ ಇದಕ್ಕೆ ಲೆಕ್ಕವುಂಟೇ?

ಹೀಗಿರಲಾಗಿ ನನ್ನನ್ನು ಮೇಲ್ವಿಚಾರಕನ ಶಿಕ್ಷಾರ್ಥಿಯಾಗಿ ಆರಿಸಿದರು. ಕಲಿಸುವವರು ನಮ್ಮ ಫೋರ್‌ಮನ್. ಕುಳ್ಳಗಿನ ಮನುಷ್ಯ, ಅಷ್ಟು ಸದ್ದಿನ ನಡುವೆಯೂ ದನಿಯೆತ್ತಿದವರಲ್ಲ, ಕೇಳಬೇಕಾದವರೇ ಹತ್ತಿರ ಹೋಗಬೇಕಿತ್ತು. ಮೊದಲ ದಿನ ಅವರು ನನ್ನನ್ನು ಮೇಜಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ನನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿದರು. ಶಿಕ್ಷಾರ್ಥಿಯಾಗಿರುವಷ್ಟು ಕಾಲವೂ ಬಟ್ಟೆ ಮುಟ್ಟುವಂತಿಲ್ಲ, ಮೇಜು ಮುಟ್ಟುವಂತಿಲ್ಲ, ಕೆಳಗೆ ಬಿದ್ದ ದಾರದ ಎಳೆಯನ್ನು ಸಹ ಎತ್ತುವಂತಿಲ್ಲ. ಇದು ನಮ್ಮಲ್ಲಿ ಹಳೆಯ ಪದ್ಧತಿ. ಇಂದಿನ ಶಿಕ್ಷಾರ್ಥಿಗಳೂ ಇದನ್ನು ದಾಟಿಯೇ ಬಂದಿದ್ದಾರೆ; ಅವರ ಭುಜಗಳು ಇನ್ನೂ ಹಿಂದಕ್ಕೇ ಎಳೆದುಕೊಂಡಿರುವುದನ್ನು ಇಲ್ಲಿಂದಲೇ ಕಾಣಬಲ್ಲೆ. ಕಾರಣವೇನೆಂದು ನಾನು ಫೋರ್‌ಮನ್ನರನ್ನು ಕೇಳಿದೆ.

“ನಿನ್ನ ಕೈ ನನಗೆ ಗೊತ್ತು. ನಿನಗೆ ಕಣ್ಣಿದೆಯೋ ಇಲ್ವೋ ಅದನ್ನ ನೋಡ್ಬೇಕು,” ಎಂದರು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದಾರೆ. ಮೇಲ್ವಿಚಾರಕನ ಹಣೆಬರಹ ನೋಡಿ: ಕೈ ಕೆಸರಾಗುವಂತಿಲ್ಲ, ಬಾಯಿಗೆ ಮೊಸರಂತೂ ಮೊದಲೇ ಇಲ್ಲ. ಇಸ್ತ್ರಿಯ ರೋಲರ್ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬಳಿದ್ದಳು. ಬೆಳಗಿನಿಂದ ಸಂಜೆಯ ತನಕ ಬಾಯಿ ಮುಚ್ಚದವಳಾದ್ದರಿಂದ ಎಲ್ಲರೂ ಅವಳನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. ನನ್ನ ಭಂಗಿಯನ್ನು ಕಂಡು ಅವಳು, “ಫೋಟೋಗೆ ನಿಂತ ಹಾಗೆ ನಿಂತಿದ್ದೀಯಲ್ಲಪ್ಪ, ಸ್ವಲ್ಪ ಹಲ್ಲು ಬಿಡು, ಚೆನ್ನಾಗಿ ಬರುತ್ತೆ,” ಎಂದಳು.

ನಾನು ಕೈ ಕಟ್ಟಿದ ವಾರವೇ ಅಕ್ಕನ ಕಟ್ಟುಗಳಿಗೆ ಕೆಂಪು ಪಟ್ಟಿ ಬರತೊಡಗಿತು. ಬರದೆ ಇನ್ನೇನಾದೀತು? ಕೋಣೆಗೆ ಕೋಣೆಯೇ ಅದನ್ನು ನೋಡುತ್ತಿತ್ತು. ನಾನು ಎರಡು ಹೆಜ್ಜೆ ದೂರದಿಂದ ಆಕೆಗೆ ಹೇಳಿದೆ, ಮತ್ತೆ ಹೇಳಿದೆ, ಬಿಡಿಸಿ ಬಿಡಿಸಿ ಹೇಳಿದೆ: ಬಲಗೈಯಿಂದ ಅಂಚು ಹಿಡಿ, ಎಳೆ, ಮಗುಚು. ಅಕ್ಕ ತಲೆಯಾಡಿಸುತ್ತಿದ್ದಳು. ಕಿವಿ ಮಾತ್ರ ಮತ್ತೆ ಒಳಗೇ ಹೋಗುತ್ತಿತ್ತು. ಮೊಂಡುತನವೆಂದುಕೊಂಡೆ. ಎಷ್ಟೋ ಸಲ ನನ್ನ ಬೆರಳುಗಳು ಬೆನ್ನ ಹಿಂದೆಯೇ, ಗಾಳಿಯಲ್ಲಿ, ಅವಳ ಬಟ್ಟೆಯನ್ನು ಮಡಚುತ್ತಿದ್ದವಂತೆ. ನನಗೆ ತಿಳಿಯದು, ಹಿಂದೆ ನಿಂತು ನೋಡಿದ ರೇಡಿಯೊ ಹೇಳಿದ್ದು.

ಅವಧಿ ಮುಗಿದ ದಿನ ಪರೀಕ್ಷೆ. ಫೋರ್‌ಮನ್ನರ ಪರೀಕ್ಷೆಯಲ್ಲಿ ಶಿಕ್ಷಾರ್ಥಿಯನ್ನು ಏನೂ ಕೇಳುವುದಿಲ್ಲ. ಅವನ ಕೈಕೆಳಗಿನವರನ್ನು ಕೇಳುತ್ತಾರೆ. ಅಂದು ಕೇಳಿದ್ದು ಒಂದೇ ಪ್ರಶ್ನೆ: ಇವನಿಂದ ನೀವು ಏನು ಕಲಿತಿರಿ? ಒಬ್ಬ ಹೊತ್ತಿಗೆ ಸರಿಯಾಗಿ ಬರುವುದನ್ನು ಕಲಿತೆನೆಂದ. ರೇಡಿಯೊ ಕಲಿತ ಸಂಗತಿಗಳನ್ನು ಮುಗಿಸುವುದಕ್ಕೆ ಫೋರ್‌ಮನ್ನರೇ ಕೈಯೆತ್ತಬೇಕಾಯಿತು. ಕಡೆಯವಳು ನನ್ನ ಅಕ್ಕ. ಸ್ವಂತ ಅಕ್ಕ, ಅವಳ ಮಾತಿನ ವಿಷಯದಲ್ಲಿ ನಾನು ನಿಶ್ಚಿಂತನಾಗಿದ್ದೆ.

ಅಕ್ಕ ಹೇಳಿದಳು: “ನಾನೇನೂ ಕಲ್ತಿಲ್ಲ ಸ್ವಾಮಿ. ಇಷ್ಟು ವರ್ಷ ನನ್ನ ಕೆಲಸ ಇವನೇ ಮಾಡಿಕೊಟ್ಟ. ಈಗ ಮಾಡಿಕೊಡೋದನ್ನ ನಿಲ್ಲಿಸಿದಾನೆ. ಆಗ್ಲೂ ನನಗೆ ಬರ್ತಿರಲಿಲ್ಲ, ಈಗ್ಲೂ ಬರಲ್ಲ.”

ಫೋರ್‌ಮನ್ನರು ಇಬ್ಬರಿಗೂ ತೀರ್ಪು ಕೊಟ್ಟರು. ನಾನು ಇನ್ನೊಂದು ಅವಧಿ ಶಿಕ್ಷಾರ್ಥಿಯಾಗಿಯೇ ಇರಬೇಕು. ಅಕ್ಕನಿಗೆ ತಿಂಗಳ ಕೊನೆಯವರೆಗೆ ಅವಕಾಶ; ಆಮೇಲೂ ಕೆಂಪು ಪಟ್ಟಿ ಬಂದರೆ ಕೊಳೆಬಟ್ಟೆಯ ಕೋಣೆ. ಆ ಕೋಣೆಯಲ್ಲಿ ಅವಳ ಎದೆ ತಡೆಯಲಾರದೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಅಂದು ಮನೆಯಲ್ಲಿ ಅಕ್ಕ ಎಂದಿನಂತೆ ತಟ್ಟೆಯಿಟ್ಟಳು. ಎಲ್ಲರ ಎದುರಿಗೆ ಹಾಗೇಕೆ ಹೇಳಿದೆಯೆಂದು ಕೇಳಿದೆ.

“ಕೇಳಿದ್ರು, ಹೇಳ್ದೆ. ಉಣ್ಣು, ಆರಿ ಹೋಗುತ್ತೆ.”

ನಾನು ಉಣ್ಣಲಿಲ್ಲ. ಆಮೇಲೆ ಕೆಲವು ದಿನ ಹೋಟೆಲಿನಲ್ಲಿ ಉಂಡೆ. ಒಂದೇ ಸೂರಿನಡಿ ಇದ್ದು, ಒಂದೇ ಬಸ್ಸಿನಲ್ಲಿ ಬಂದು, ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆವು. ಇದು ನನಗೆ ಕೊಟ್ಟ ವಿಷಯಕ್ಕೆ ಸಂಬಂಧಿಸಿದ್ದಲ್ಲ, ಅಧ್ಯಕ್ಷರು ಮನ್ನಿಸಬೇಕು.

ಆದರೆ ಸಭಿಕರೇ, ಕೋಪದಿಂದ ಒಂದು ಲಾಭವೂ ಉಂಟೆಂದು ಅನುಭವದಿಂದ ಹೇಳಬಲ್ಲೆ. ಕೋಪ ಬಂದಾಗ ಸಹಾಯ ಮಾಡುವ ಬಯಕೆ ಹೊರಟುಹೋಗುತ್ತದೆ. ಆ ಬಯಕೆ ಹೋದ ಮೇಲೆ ಕಣ್ಣು ಕಾಣತೊಡಗುತ್ತದೆ. ಅದುವರೆಗೆ ನಾನು ನೋಡುತ್ತಿದ್ದುದು ಬಟ್ಟೆಯನ್ನು, ಮತ್ತು ಅದನ್ನು ನಾನು ಹೇಗೆ ಮಡಚುತ್ತಿದ್ದೆನೆಂಬುದನ್ನು. ಈಗ, ನೋಡಲು ಬೇರೇನೂ ಇಲ್ಲದೆ, ಅಕ್ಕನನ್ನು ನೋಡಿದೆ. ಪ್ರತಿಯೊಂದು ಬಟ್ಟೆ ಬಂದಾಗಲೂ ಮೊದಲು ಅವಳ ಎಡಗೈ ಮುಂದಕ್ಕೆ ಹೊರಡುತ್ತಿತ್ತು. ಅರ್ಧ ದಾರಿಯಲ್ಲಿ ತಡೆದು, ಹಿಂದೆ ಸರಿದು, ಬಲಗೈಗೆ ದಾರಿ ಬಿಡುತ್ತಿತ್ತು. ಬಲಗೈ ಬರುವಷ್ಟರಲ್ಲಿ ಬಟ್ಟೆಯ ಅಂಚು ಸರಿದುಹೋಗಿರುತ್ತಿತ್ತು.

ನನ್ನ ಅಕ್ಕ ಎಡಚಿ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ನನಗೆ ಇದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಉಣ್ಣುವುದು ಬಲಗೈಯಲ್ಲಿ, ಬರೆಯುವುದು ಬಲಗೈಯಲ್ಲಿ. ಎಡಗೈ ಮುಂದೆ ಬಂದಾಗಲೆಲ್ಲ ಅಮ್ಮ ಸೌಟಿನಿಂದ ತಟ್ಟಿ ತಟ್ಟಿ ಅದನ್ನು ಹಿಂದಕ್ಕೆ ಕಳಿಸಿದ್ದು ನಾನು ಹುಟ್ಟುವುದಕ್ಕೂ ಮುಂಚೆ; ಇದನ್ನು ಅಕ್ಕ ಆಮೇಲೆ ಹೇಳಿದಳು. ಮೇಜಿನಲ್ಲಿಯೂ ಯಾರಿಗೂ ತಿಳಿಯದಂತಾಯಿತು. ಏಕೆಂದರೆ ಅವಳ ಕಟ್ಟುಗಳು ಸರಿಯಾಗಿಯೇ ಹೋಗುತ್ತಿದ್ದವು.

ಮೇಜಿನ ಆಚೆಯ ಬದಿಗೆ ಹೋಗಿ ನಿಂತರೆ ಅವಳ ಎಡಗೈ ನಮ್ಮೆಲ್ಲರ ಬಲಗೈ ಇರುವ ಕಡೆಗೇ ಬರುತ್ತದೆಂದು ನನಗೆ ಹೊಳೆಯಿತು. ಹೊಳೆಸಿದವನು ಭಗವಂತ. ಆದರೆ ಆಚೆಯ ಬದಿಯಲ್ಲಿ ನಿಲ್ಲಲು ಜಾಗವಿರಲಿಲ್ಲ, ಗೋಡೆಯಿತ್ತು. ಮೇಜನ್ನೇ ಸರಿಸಬೇಕು. ಫೋರ್‌ಮನ್ನರನ್ನು ಕೇಳಿದೆ, ಸರಿಸಿಕೋ ಎಂದರು, ಕೈ ಹಾಕಬೇಡ ಎಂದರು. ಆ ಕೋಣೆಯಲ್ಲಿ ನಾನು ಕೊಟ್ಟ ಮೊದಲ ಆಜ್ಞೆ, ಮೇಜು ಸರಿಸಿ ಎಂಬುದು. ರೋಲರ್ ನಿಲ್ಲಿಸಿ ಎಲ್ಲರೂ ಬಂದರು.

“ನೀನೂ ಒಂದು ಕೈ ಕೊಡಪ್ಪ,” ಎಂದಳು ರೇಡಿಯೊ.

“ನಾನು ಮುಟ್ಟೋ ಹಾಗಿಲ್ಲ.”

“ಅಬ್ಬ, ಇದಪ್ಪ ಪದವಿ ಅಂದ್ರೆ. ನಮಗೂ ಒಂದು ಕೊಡಿಸು.”

ಮೇಜು ಸರಿಯಿತು. ಅಕ್ಕ ಗೋಡೆಯ ಬದಿಗೆ ಹೋಗಿ ನಿಂತಳು. ಇಬ್ಬರ ನಡುವೆ ಅಷ್ಟು ದಿನಗಳ ಮೇಲೆ ಮೊದಲ ಮಾತು ನನ್ನದು. ಯಾವ ಕೈ ತಾನಾಗಿ ಮುಂದೆ ಬರುತ್ತದೋ ಅದನ್ನು ತಡೆಯಬೇಡ ಎಂದೆ. ಅಕ್ಕ ಕೈಗಳನ್ನು ಬಟ್ಟೆಯ ಮೇಲೆ ಹಾಗೇ ಇಟ್ಟುಕೊಂಡು ನಿಂತಳು. ಆಮೇಲೆ, ಸಣ್ಣ ದನಿಯಲ್ಲಿ,

“ಅಮ್ಮ ಬಯ್ತಾಳೆ ಕಣೋ,” ಎಂದಳು.

ಅಷ್ಟು ಹೊತ್ತಿಗೆ ಅಕ್ಕನ ತಲೆಯಲ್ಲಿ ನರೆ ಮೂಡಿತ್ತು. ಅಮ್ಮ ತೀರಿಕೊಂಡು ಎಷ್ಟು ಕಾಲವಾಗಿತ್ತೆಂದು ನಾನು ಹೇಳಬೇಕಾಗಿಲ್ಲ. ನನ್ನ ಕೈಗಳು ಬೆನ್ನ ಹಿಂದೆ ಏನು ಮಾಡುತ್ತಿದ್ದವೋ ನಾನರಿಯೆ. ಮುಂದಕ್ಕೆ ಮಾತ್ರ ಬರಲಿಲ್ಲ.

ಎಡಗೈ ಹೊರಟಿತು. ಅಂಚು ಹಿಡಿಯಿತು, ಎಳೆಯಿತು, ಮಗುಚಿತು. ಕಿವಿ ಹೊರಗೆ ಬಂತು, ಬರಬೇಕಾದ ಬದಿಗೇ ಬಂತು. ಮೊದಲ ಕೆಲವು ಕಟ್ಟುಗಳು ಹಿಂದಿರುಗಿದವು, ಸುಳ್ಳು ಹೇಳಬಾರದು. ಆಮೇಲೆ ಕಡಿಮೆಯಾದವು. ತಿಂಗಳ ಕೊನೆಯ ವಾರದಲ್ಲಿ ಅಕ್ಕನ ಹೆಸರಿನಲ್ಲಿ ಒಂದು ಕೆಂಪು ಪಟ್ಟಿಯೂ ಬರಲಿಲ್ಲ. ಅವಳು ಮೇಜಿನಲ್ಲಿಯೇ ಉಳಿದಳು. ನಾನು ಮನೆಯಲ್ಲಿ ಉಣ್ಣತೊಡಗಿದೆ.

ನನ್ನ ಪರೀಕ್ಷೆ ಮಾತ್ರ ಬಾಕಿಯಿತ್ತು. ಎರಡನೆಯ ಸಲ ಫೋರ್‌ಮನ್ನರು ಯಾರನ್ನೂ ಏನೂ ಕೇಳಲಿಲ್ಲ. ಬೆಳಿಗ್ಗೆಯೇ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಗೇಟಿನ ಬಳಿಯ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕುಳಿತು ಪತ್ರಿಕೆ ಬಿಡಿಸಿದರು. ಒಳಗಿನಿಂದ ಕರೆ ಬಂದರೆ ಹೋಗಬಹುದು, ಬಾರದಿದ್ದರೆ ಕೂತಿರಬೇಕು, ಅಷ್ಟೇ ನಿಯಮ. ಪರೀಕ್ಷೆ ಯಾವುದು, ಉತ್ತರ ಯಾವುದು, ಒಂದೂ ತಿಳಿಯದು. ಖಂಡಿತ ಕರೆಯುತ್ತಾರೆಂದು ನಾನು ಅಂಗಿಯ ತೋಳನ್ನು ಸರಿಪಡಿಸಿಕೊಂಡೇ ಕುಳಿತಿದ್ದೆ. ಮಧ್ಯಾಹ್ನ ರೋಲರಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಬಟ್ಟೆ ಸಿಕ್ಕಿಕೊಂಡಿದೆ, ಈಗ ಬಂದೇ ಬರುತ್ತಾರೆ ಎಂದು ಎದ್ದು ನಿಂತೆ. ಫೋರ್‌ಮನ್ನರು ಹಾಳೆ ಮಗುಚಿದರು. ಒಳಗೆ ಯಾರೋ ಯಾರಿಗೋ ಏನೋ ಹೇಳಿದರು, ಒಂದು ನಗು ಕೇಳಿಸಿತು, ರೋಲರ್ ಮತ್ತೆ ತಿರುಗತೊಡಗಿತು. ನಾನು ಕುಳಿತುಕೊಂಡೆ. ನನಗೆ ಆಗ ಸಂತೋಷವಾಯಿತೆಂದು ಹೇಳಿದರೆ ಸಭೆಗೆ ಶೋಭೆ; ಆದರೆ ಆಗಲಿಲ್ಲ.

ಸಂಜೆ ಗಂಟೆ ಹೊಡೆಯಿತು. ಎಲ್ಲರೂ ಹೊರಗೆ ಬಂದರು. ರೇಡಿಯೊ ಮತ್ತು ಅಕ್ಕ ಅಂದು ಒಳಗೆ ನಡೆದ ಯಾವುದೋ ತಮಾಷೆಯನ್ನು ಹೇಳಿಕೊಂಡು ನಗುತ್ತ ಬೆಂಚನ್ನು ದಾಟಿ ಮುಂದೆ ಹೋದರು. ಗೇಟನ್ನೂ ದಾಟಿದರು. ಅಲ್ಲಿ ಅಕ್ಕ ಒಮ್ಮೆ ತಿರುಗಿ ನೋಡಿ,

“ಅಯ್ಯೋ, ನೀನು ಇಲ್ಲೇ ಇದ್ದೀಯೇನೋ?” ಎಂದಳು.

ಫೋರ್‌ಮನ್ನರು ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಒಬ್ಬರೂ ನಿನ್ನನ್ನು ಕರೆಯಲಿಲ್ಲ, ನಾಳೆಯಿಂದ ಈ ಕೋಣೆ ನಿನ್ನದು ಎಂದು ಹೇಳಿ ಹೊರಟುಹೋದರು.

ಶಿಕ್ಷಾರ್ಥಿಗಳೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮಗೆ ಪದಕ ತೊಡಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ನನಗೆ ಚಪ್ಪಾಳೆಯಿರಲಿಲ್ಲ, ಅಕ್ಕನ ಆ ಮಾತೇ ನನ್ನ ಪದಕ. ಅದನ್ನು ಕೇಳಿದ ದಿನ ಬಸ್ಸಿನಲ್ಲಿ ನನಗೆ ಬಹಳ ಸಂಕಟವಾಯಿತು. ಅಕ್ಕ ಮಾತ್ರ ದಾರಿಯುದ್ದಕ್ಕೂ ಮಾತನಾಡುತ್ತಲೇ ಇದ್ದಳು, ಉಸಿರು ಕಟ್ಟದೆ, ಒಮ್ಮೆಯೂ ಕೆಮ್ಮದೆ. ನಾನು ಅವಳನ್ನು ನೋಡುತ್ತ ಕುಳಿತಿದ್ದೆ.

ಕೊಟ್ಟ ವಿಷಯಕ್ಕೆ ನ್ಯಾಯ ಸಲ್ಲಿಸಿದೆನೋ ಇಲ್ಲವೋ ಬಲ್ಲವರು ಹೇಳಬೇಕು. ಇಷ್ಟು ಹೊತ್ತು ಗಂಟೆಯ ಗುಂಡಿಯ ಮೇಲೆ ಬೆರಳಿಟ್ಟೂ ಒತ್ತದಿದ್ದ ಅಧ್ಯಕ್ಷರ ಸೌಜನ್ಯಕ್ಕೆ, ಕರೆದು ಗೌರವಿಸಿದ ಸಂಸ್ಥೆಗೆ, ಕೇಳಿದ ನಿಮ್ಮೆಲ್ಲರಿಗೆ ನನ್ನ ಕೃತಜ್ಞತೆಗಳು. ಭಗವಂತನು ನಿಮ್ಮ ಕೈಗಳನ್ನು ಕಾಪಾಡಲಿ, ಕಣ್ಣುಗಳನ್ನು ತೆರೆಸಲಿ. ನಮಸ್ಕಾರ.